ಕೆಳಸಾಲು ಕೂಗಿದವಳು

ನಮ್ಮ ಊರು ಯಾವ ನಕ್ಷೆಯಲ್ಲೂ ಇಲ್ಲ. ಅದರಲ್ಲಿ ನಮ್ಮ ತಪ್ಪೇನೂ ಇಲ್ಲ ಬಿಡಿ. ನನ್ನ ಅಜ್ಜಿಯ ಕಾಲದಲ್ಲಿ ರಾಜಧಾನಿಯಿಂದ ನಕ್ಷೆ ಬರೆಯುವವರು ಬಂದಿದ್ದರಂತೆ. ಹೊಳೆಯ ದಡದಲ್ಲಿ ಚಾಪೆ ಹಾಸಿ, ಕುಂಚ ಅದ್ದಿಕೊಂಡು, ಊರ ಹೆಸರೇನು ಎಂದು ಕೇಳಿದರಂತೆ. ಊರವರೆಲ್ಲ ಸಡಗರದಿಂದ ಒಕ್ಕೊರಲಲ್ಲಿ ಹೆಸರು ಕೂಗಿದರು. ಎದುರು ದಡದ ಗುಡ್ಡ ಕೂಡಲೇ ಇನ್ನೊಂದು ಹೆಸರು ಕೂಗಿತು. ನಮ್ಮದಕ್ಕೆ ಸರಿಜೋಡಿ, ಕೇಳಲು ನಮ್ಮದಕ್ಕಿಂತ ಒಂದು ಕೈ ಮೇಲೆ. ಎರಡರಲ್ಲಿ ಯಾವುದನ್ನು ಬರೆಯುವುದೆಂದು ಅಧಿಕಾರಿಗಳಲ್ಲೇ ಜಗಳ ಹತ್ತಿತು. ಕೊನೆಗೆ ಆ ಜಾಗವನ್ನು ಖಾಲಿ ಬಿಟ್ಟು, ಅಜ್ಜಿ ಮಾಡಿದ ಕಡುಬು ತಿಂದು ಹೊರಟುಹೋದರು.

ಆ ಗುಡ್ಡ ಇದ್ದದ್ದೇ ಹಾಗೆ. ನೀವು ಒಂದು ಕೂಗಿದರೆ ಅದು ಅದನ್ನೇ ಮರುಕೂಗುವುದಿಲ್ಲ, ಅದರ ಜೋಡಿಯನ್ನು ಕೂಗುತ್ತದೆ. ಬೆಸ್ತರ ಹೆಂಗಸು ಮೈಮರೆತು ಹೊಳೆಯ ಕಡೆ ಮುಖ ಮಾಡಿ "ಮೀನು ಬೇಕೇ ಮೀನು?" ಎಂದರೆ ಆಚೆಯಿಂದ "ಮುಳ್ಳು ಸಾಕೇ ಮುಳ್ಳು?" ಎಂದು ಬರುತ್ತದೆ. ವ್ಯಾಪಾರ ಕೆಟ್ಟಹಾಗೆ. ಅದಕ್ಕೇ ನಮ್ಮಲ್ಲಿ ಮಾರುವವರೆಲ್ಲ ಗುಡ್ಡಕ್ಕೆ ಬೆನ್ನು ತಿರುಗಿಸಿ ಕೂಗುತ್ತಾರೆ. ನಾನೂ ದೋಣಿಕಟ್ಟೆಯ ಹತ್ತಿರ ಹಬೆಯ ಕಡುಬು ಮಾರುವವಳು. "ಬಿಸಿ ಬಿಸಿ ಕಡುಬು" ಎಂದು ನಾನು ಕೂಗಿ, "ತಂಗಳು ತಂಗಳು ಗಂಜಿ" ಎಂದು ಅದು ಕೂಗಿ, ಗಿರಾಕಿಗಳು ನಕ್ಕು ಮುಂದೆ ಹೋದದ್ದುಂಟು. ಮನೆಯೊಳಗಿನ ಜಗಳಕ್ಕೆ ಕಿಟಕಿ ಮುಚ್ಚಿಕೊಳ್ಳುತ್ತೇವೆ. ಒಮ್ಮೆ ನಾನು ಕಿಟಕಿ ಮುಚ್ಚಲು ಮರೆತು, "ಎದ್ದೇಳ್ರೀ, ಹೊತ್ತು ಹುಟ್ತು!" ಎಂದು ನಮ್ಮನೆಯವರಿಗೆ ಕೂಗಿದೆ. "ಮಲಕ್ಕೊಳ್ರೀ, ಹೊತ್ತು ಮುಳುಗ್ತು!" ಎಂದಿತು ಗುಡ್ಡ. ಗಂಡಸು ಯಾರ ಮಾತು ಕೇಳಿದ ಎಂದು ಹೇಳಬೇಕಾಗಿಲ್ಲ.

ಆದರೆ ಅದೇ ಗುಡ್ಡ ನಮ್ಮ ಊರನ್ನು ಕಾಯುತ್ತಿದ್ದುದೂ ನಿಜ. ನಮ್ಮ ಹೊಳೆಯ ಮೇಲೆ ಮಂಜು ಬಿದ್ದರೆ ದೋಣಿಯ ಈ ತುದಿಯಲ್ಲಿ ಕೂತವನಿಗೆ ಆ ತುದಿ ಕಾಣುವುದಿಲ್ಲ. ಕೆಳಗೆ, ತಿರುವಿನಲ್ಲಿ, ಹಲ್ಲು ಕಿರಿದುಕೊಂಡು ಬಂಡೆಗಳಿವೆ. ಅಂಬಿಗರು ಹುಟ್ಟು ಹಾಕುತ್ತ ಒಂದೊಂದೇ ಮಾತು ಕೂಗುತ್ತಾರೆ, ಗುಡ್ಡ ಉತ್ತರ ಕೊಡುತ್ತದೆ, ಆ ದನಿಯನ್ನು ಬಲಗಿವಿಗೆ ಇಟ್ಟುಕೊಂಡರೆ ಊರಿನ ಮೆಟ್ಟಿಲು, ಎಡಗಿವಿಗೆ ಇಟ್ಟುಕೊಂಡರೆ ಆಚೆ ದಡ. ನಮ್ಮನೆಯವರು ಅಂಬಿಗರು. ಮಂಜಿನ ಬೆಳಗುಗಳಲ್ಲಿ ಅವರು ಮನೆಗೆ ಬರುತ್ತಿದ್ದುದು ಗುಡ್ಡದ ದಯೆಯಿಂದ.

ಇನ್ನು ಕೂಗುಗಲ್ಲಿನ ವಿಷಯ. ದಡದ ಮೇಲಿರುವ ಆ ಎತ್ತರದ ಕಲ್ಲಿನ ಮೇಲೆ ನಿಂತು ಗಂಡಸರು ಗುಡ್ಡಕ್ಕೆ ಪದ್ಯ ಕೂಗುತ್ತಾರೆ. ಇವರು ಮೇಲುಸಾಲು ಕೂಗಬೇಕು, ಗುಡ್ಡ ಕೆಳಸಾಲು ಕೊಡಬೇಕು. ಮೇಲುಸಾಲಿನ ಕೊನೆಯ ಮಾತು ದನಿ ಎತ್ತಿ ನಿಲ್ಲಬೇಕು, ಏನನ್ನೋ ಕೇಳುತ್ತಿರುವ ಹಾಗೆ. ಕೆಳಸಾಲಿನ ಕೊನೆಯ ಮಾತು ದನಿ ಇಳಿಸಿ ನಿಲ್ಲಬೇಕು, ಸೊಂಟದ ಮೇಲಿನ ಕೊಡವನ್ನು ನೆಲಕ್ಕಿಟ್ಟ ಹಾಗೆ. ಇದು ನಮ್ಮ ಮಕ್ಕಳಿಗೂ ಗೊತ್ತು. ಕೂಗುಗಲ್ಲಿನ ಯಜಮಾನರು ಪಂಡಿತ ಕ್ವೋ. ರಾಜಧಾನಿಯ ಪರೀಕ್ಷೆ ಪಾಸು ಮಾಡಿ ಬಂದವರು, ಗಡ್ಡವನ್ನು ದಿನಾ ಬಾಚುವವರು. ಒಮ್ಮೆ ಅವರು "ಆಕಾಶದ ಅಂಗಳದಲ್ಲಿ ಮೋಡ ಬೀದಿ ಗುಡಿಸಿತು" ಎಂದು ಕೂಗಿದಾಗ ಗುಡ್ಡ "ಪಾತಾಳದ ಅಡುಗೆಮನೆಯಲ್ಲಿ ಬೇರು ನೀರು ಸೇದಿತು" ಎಂದು ಕೊಟ್ಟಿತ್ತು. ಅಂದಿನಿಂದ ಪಂಡಿತರು ನೆಲದ ಮೇಲೆ ನಡೆಯುವುದೇ ಕಡಿಮೆ. ಹೆಂಗಸರಿಗೆ ಕೂಗುಗಲ್ಲಿನ ಮೇಲೆ ಜಾಗವಿಲ್ಲ. ನಮಗಿದ್ದದ್ದು ಕೆಳಗೆ ಬಟ್ಟೆ ಒಗೆಯುವ ಮೆಟ್ಟಿಲು.

ನಾನು ಹೇಳಬೇಕೆಂದಿರುವ ರುವಾನ್ ಆ ಮೆಟ್ಟಿಲಿನವಳು. ನಮ್ಮ ಪಕ್ಕದ ಮನೆ ಹುಡುಗಿ. ಹಿಪ್ಪುನೇರಳೆಯ ತೊಗಟೆ ಕುದಿಸಿ ಕಾಗದ ಮಾಡುವುದು, ಅದಕ್ಕೆ ಕುಸುಬೆ ಹೂವಿನ ಕೆಂಪು ಬಳಿಯುವುದು ಅವಳ ಕೆಲಸ. ಊರಿನ ಪಂಡಿತರೆಲ್ಲ ಪದ್ಯ ಬರೆಯುತ್ತಿದ್ದುದು ಅವಳು ಮಾಡಿದ ಕಾಗದದ ಮೇಲೆ. ಅವಳೂ ಪದ್ಯ ಕಟ್ಟುತ್ತಾಳೆ ಎಂಬುದು ಅವರಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಮೊಣಕೈವರೆಗೂ ಕೆಂಪು ಮಾಡಿಕೊಂಡು, ತೊಟ್ಟಿಯ ಸುತ್ತ ಸುತ್ತುತ್ತ, ಒಂದು ಮಾತನ್ನು ಬಾಯಲ್ಲಿ ಹಾಕಿಕೊಂಡು ಅದಕ್ಕೆ ಜೋಡಿ ಹುಡುಕುತ್ತಿದ್ದಳು. ಒಂಟಿ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಇನ್ನೊಂದನ್ನು ಮನೆಯೆಲ್ಲ ಹುಡುಕುವ ಹಾಗೆ. ಸಿಕ್ಕಿದರೆ ಗೋಡೆಯ ಆಚೆಯಿಂದ ಕಿರುಚುತ್ತಿದ್ದಳು: "ಪೇ ಚಿಕ್ಕಮ್ಮಾ, ಸಿಕ್ತು!" ನಾನು ಕೈಯಲ್ಲಿದ್ದ ಹಿಟ್ಟು ಬಿಟ್ಟು ಓಡುತ್ತಿದ್ದೆ. ಪದ್ಯ ನನಗೆ ಅರ್ಥವಾಗುತ್ತಿತ್ತೋ ಇಲ್ಲವೋ, ಅವಳ ಮುಖ ನೋಡಲು ಓಡುತ್ತಿದ್ದೆ.

ಅವಳ ತಾಯಿ ಮಿನ್ ಅಕ್ಕ ಮಾತಾಡುತ್ತಿರಲಿಲ್ಲ. ಹುಟ್ಟುಮೂಗಿಯಲ್ಲ. ರುವಾನ್ ತೊಟ್ಟಿಲಲ್ಲಿದ್ದಾಗ ಮಿನ್ ಅಕ್ಕನ ಗಂಡನನ್ನು ಉತ್ತರದ ಗಡಿಯ ಗೋಡೆ ಕಟ್ಟಲು ಹಿಡಿದುಕೊಂಡು ಹೋದರು. ನಮ್ಮ ಊರಲ್ಲಿ ಹೊರಟವರಿಗೆ "ಹೋಗಿ ಬಾ" ಎನ್ನುವುದನ್ನು ಮನೆಯೊಳಗೇ, ಬಾಗಿಲು ಹಾಕಿಕೊಂಡು, ಕಿವಿಯಲ್ಲಿ ಪಿಸುಗುಟ್ಟಬೇಕು. ಆವತ್ತು ಸಿಪಾಯಿಗಳು ಅದಕ್ಕೂ ಬಿಡಲಿಲ್ಲ. ಮಿನ್ ಅಕ್ಕ ಮೆಟ್ಟಿಲವರೆಗೂ ಓಡಿಬಂದು, ದೋಣಿ ದಡ ಬಿಟ್ಟದ್ದನ್ನು ಕಂಡು, ತಡೆಯಲಾರದೆ "ಹೋಗಿ ಬಾ!" ಎಂದು ಕೂಗಿಬಿಟ್ಟಳು. ಗುಡ್ಡ ಸುಮ್ಮನಿರುತ್ತದೆಯೇ? "ಬಂದು ಹೋಗು!" ಎಂದಿತು. ಬಂದು ಹೋಗು. ಅವಳ ಮಾತಿನ ಕೊನೆಯಲ್ಲಿದ್ದ 'ಬಾ' ಹೋಗಿ, ಕೊನೆಯಲ್ಲಿ 'ಹೋಗು' ಕೂತಿತು. ಅವನು ಮತ್ತೆ ಬರಲಿಲ್ಲ. ತನ್ನ ಬಾಯಿಂದಲೇ ಗುಡ್ಡ ಅವನನ್ನು ಓಡಿಸಿತು ಎಂದು ಮಿನ್ ಅಕ್ಕನ ತಲೆಯಲ್ಲಿ ಕೂತುಬಿಟ್ಟಿತು. ಅಂದು ಮುಚ್ಚಿದ ಬಾಯಿಯನ್ನು ಅವಳು ತೆರೆಯಲಿಲ್ಲ. ಮಗಳಿಗೆ ಜೋಗುಳವನ್ನೂ ಹಾಡಲಿಲ್ಲ. ರುವಾನ್‌ಗೆ ಮಾತು ಕಲಿಸಿದವಳು ನಾನು, ಅದಕ್ಕೇ ಅವಳ ಬಾಯಿ ಅಷ್ಟು ಜೋರು.

ಮಂಜಿನ ಕಾಲ ಇನ್ನೇನು ಶುರುವಾಗಬೇಕು ಎನ್ನುವ ಒಂದು ಬೆಳಗ್ಗೆ ಅದು ನಡೆಯಿತು. ಮೆಟ್ಟಿಲ ತುಂಬ ಹೆಂಗಸರು, ಬಟ್ಟೆ ಬಡಿಯುವ ಸದ್ದು. ರುವಾನ್ ಮನೆಯಿಂದ ಓಡಿಬಂದಳು. ಕೆನ್ನೆಗೆ ಮಸಿ, ಕೂದಲಲ್ಲಿ ಬೂದಿ, ಕಣ್ಣು ಎರಡೂ ಫಳಫಳ. ನನ್ನ ತೋಳು ಹಿಡಿದು "ಚಿಕ್ಕಮ್ಮಾ, ಸಿಕ್ತು!" ಎಂದಳು. ಏನು ಸಿಕ್ಕಿತು ಎಂದು ಕೇಳುವಷ್ಟರಲ್ಲಿ ನೀರಿಗಿಳಿದು, ಮೊಣಕಾಲವರೆಗೂ ನಿಂತು, ಗುಡ್ಡಕ್ಕೆ ಮುಖ ಕೊಟ್ಟು ಕೂಗಿಯೇ ಬಿಟ್ಟಳು: "ಉಳಿದವಳ ಉಸಿರಿಗೆ ಒಲೆಯ ಬೂದಿಯಲ್ಲಿ ಕೆಂಡ ಕಣ್ಣು ಬಿಟ್ಟಿತು!"

ಬಟ್ಟೆ ಬಡಿಯುವ ಕೈಗಳೆಲ್ಲ ನಿಂತವು. ಗುಡ್ಡ ಏನು ಹೇಳುತ್ತದೋ ಎಂದು ನಾವೆಲ್ಲ ಕಾದೆವು. ಗುಡ್ಡ ಏನೂ ಹೇಳಲಿಲ್ಲ. ಇನ್ನೂ ಕಾದೆವು. ಬಾತುಕೋಳಿಯೊಂದು ಕೂಗಿತು, ಅದಕ್ಕೂ ಉತ್ತರ ಬರಲಿಲ್ಲ. ಮೀನಿನ ಹೆಂಗಸು ಧೈರ್ಯ ಮಾಡಿ "ಮೀನು ಬೇಕೇ ಮೀನು?" ಎಂದು ಕೂಗಿ ನೋಡಿದಳು. ಮುಳ್ಳಿನ ಸುದ್ದಿಯೇ ಇಲ್ಲ! ನಮ್ಮ ಊರು ಊರಾದಾಗಿನಿಂದ ಬಾಯಿ ಮುಚ್ಚದ ಗುಡ್ಡದ ಬಾಯಿ ಕಟ್ಟಿಹೋಗಿತ್ತು.

ಊರಿಗೆ ಊರೇ ದಡಕ್ಕೆ ಬಂತು. ಮೊದಮೊದಲು ಎಲ್ಲರಿಗೂ ಹಬ್ಬವೇ. ಮಾರುವವರು ಗುಡ್ಡಕ್ಕೆ ಎದೆ ಕೊಟ್ಟು ಕೂಗಿದರು. ಅತ್ತೆ ಸೊಸೆಯರು ಕಿಟಕಿ ತೆರೆದಿಟ್ಟೇ ಜಗಳವಾಡಿದರು. ನಾನು ನನ್ನ ಕಡುಬನ್ನು ಹೊಗಳಿದ ಹೊಗಳಿಕೆ ಚಕ್ರವರ್ತಿಗೂ ಸಿಕ್ಕಿರಲಾರದು. ಆದರೆ ಕೂಗುಗಲ್ಲಿನ ಮೇಲೆ ಮಾತ್ರ ಮುಖಗಳು ಗಂಭೀರವಾಗಿದ್ದವು. ಒಂದು ಜೋಡಿ ಮುಗಿಯುವವರೆಗೆ ಗುಡ್ಡ ಇನ್ನೊಂದಕ್ಕೆ ಕೈ ಹಾಕುವುದಿಲ್ಲ. ಇದು ಎಲ್ಲರಿಗೂ ಗೊತ್ತಿದ್ದ ಸಂಗತಿ, ಅದರಿಂದ ತೊಂದರೆಯಾದದ್ದು ಮಾತ್ರ ಇದೇ ಮೊದಲು. ಗುಡ್ಡಕ್ಕೇ ಹೊಳೆಯದ ಕೆಳಸಾಲನ್ನು ನಾವೇ ಹುಡುಕಿ ಕೊಟ್ಟರೆ ಗಂಟು ಬಿಚ್ಚೀತು ಎಂದರು ಪಂಡಿತ ಕ್ವೋ. ರುವಾನ್ ಕೂಗಿದ ರೀತಿ ಸರಿಯಿಲ್ಲ, ಹೆಣ್ಣುಮಗಳು, ಕೊನೆಯಲ್ಲಿ ದನಿ ಬಿದ್ದುಹೋಗಿದೆ ಎಂದು ಅವರೇ ಕಲ್ಲಿನ ಮೇಲೆ ನಿಂತು, ಅವಳ ಸಾಲಿನ ಕೊನೆಯನ್ನು ಎತ್ತಿ, ತಿದ್ದಿ ಕೂಗಿದರು. ಆಮೇಲೆ ಊರಿನ ಗಂಡಸರೆಲ್ಲ ಸರದಿಯ ಮೇಲೆ ಕೆಳಸಾಲು ಕೂಗಿದರು.

ಎಂಥೆಂಥ ಸಾಲುಗಳು ಬಂದವು ಅಂತೀರಿ! "ಅಗಲಿದವನ ನೆನಪಿಗೆ ಬಾನಿನ ನೀಲಿಯಲ್ಲಿ ಚುಕ್ಕಿ ಕಣ್ಣೀರಿಟ್ಟಿತು" ಎಂದರು ಪಂಡಿತರು. ಚೆನ್ನಾಗಿಯೇ ಇತ್ತು, ಗುಡ್ಡ ಮಾತ್ರ ಮಿಸುಕಲಿಲ್ಲ. ನಮ್ಮನೆಯವರಿಗೂ ಹುಮ್ಮಸ್ಸು ಬಂದು, ನಾನು ಅಂಗಿ ಹಿಡಿದು ಎಳೆಯುತ್ತಿದ್ದರೂ ಕಲ್ಲು ಹತ್ತಿ, "ಮಲಗಿದವನ ಗೊರಕೆಗೆ ಹಾಸಿಗೆಯ ಹುಲ್ಲಲ್ಲಿ ತಿಗಣೆ ಕಾಲು ಕಿತ್ತಿತು!" ಎಂದು ಕೂಗಿದರು. ಊರು ಬಿದ್ದು ಬಿದ್ದು ನಕ್ಕಿತು. ರುವಾನ್ ಅಂತೂ ನೀರಲ್ಲೇ ಕೂತುಬಿಟ್ಟಳು. "ಚಿಕ್ಕಪ್ಪಾ, ಇಷ್ಟರಲ್ಲಿ ನಿನ್ನದೇ ಜೋಡಿ ಸರಿ!" ಎಂದಳು. ಗುಡ್ಡಕ್ಕೆ ನಗುವೂ ಬರಲಿಲ್ಲ.

ನಗು ನಿಂತದ್ದು ಮೊದಲ ಮಂಜು ಬಿದ್ದ ದಿನ. ಉಪ್ಪಿನ ದೋಣಿಯೊಂದು ಕೂಗಿ ಕೂಗಿ, ಉತ್ತರ ಸಿಗದೆ, ತಿರುವಿನ ಬಂಡೆಗೆ ಬಡಿದು ಒಡೆಯಿತು. ಅದರಲ್ಲಿದ್ದವರು ಹೇಗೋ ಈಜಿ ದಡ ಸೇರಿದರು. ಒಬ್ಬನ ಕಾಲು ಮುರಿದಿತ್ತು. ಸಂಜೆಯ ಹೊತ್ತಿಗೆ ಊರಿನ ಮಾತು ತಿರುಗಿತು. ಯಾರ ಸಾಲಿನಿಂದ ಗುಡ್ಡದ ಬಾಯಿ ಕಟ್ಟಿತೋ ಅವಳು ಊರು ಬಿಟ್ಟರೆ ಅವಳ ಸಾಲೂ ಅವಳ ಬೆನ್ನಿಗೆ ಹೋಗುತ್ತದೆ ಎಂದು ಯಾರೋ ಅಂದರು. ಯಾರೋ ಅಂದದ್ದನ್ನು ಎಲ್ಲರೂ ಅಂದರು.

ರುವಾನ್‌ಳನ್ನು ಕೂಗುಗಲ್ಲಿನ ಕೆಳಗೆ ಕರೆಸಿದರು. ನಾನೂ ಹೋಗಿ ಅವಳ ಪಕ್ಕದಲ್ಲಿ ನಿಂತೆ.

"ಮಗಳೇ," ಎಂದರು ಪಂಡಿತರು, ಕೋಪವಿಲ್ಲದೆ. "ಯಾವ ಗಳಿಗೇಲಿ ಆ ಮೇಲುಸಾಲು ಕೂಗ್ದೆಯೋ ಏನೋ."

"ಪಂಡಿತರೇ, ಅದು ಮೇಲುಸಾಲೇ ಅಲ್ಲ," ಎಂದಳು ರುವಾನ್. "ನೀವು ತಿದ್ದಿದ್ರಿ. ನಾನು ದನಿ ಇಳಿಸೇ ಕೂಗಿದ್ದು. ಅದು ಕೆಳಸಾಲು."

ಗಂಡಸರಲ್ಲಿ ಗುಸುಗುಸು ಎದ್ದಿತು. ಮನುಷ್ಯರು ಮೇಲುಸಾಲು, ಗುಡ್ಡ ಕೆಳಸಾಲು. ಗುಡ್ಡದ ಬಾಯಿ ಕಟ್ಟುವ ಮುಂಚೆ ನಮ್ಮ ಊರಲ್ಲಿ ಬೇರೆ ಥರ ಯಾರೂ ಕನಸು ಕೂಡ ಕಂಡಿರಲಿಲ್ಲ.

"ಕೆಳಸಾಲೇ? ಹಾಗಾದ್ರೆ ಮೇಲುಸಾಲು ಎಲ್ಲಿ? ಯಾರು ಕೂಗಿದ್ರು?"

ರುವಾನ್ ತಲೆ ತಗ್ಗಿಸಿದಳು. "ಇನ್ನೂ ಕೂಗಿಲ್ಲ."

ಇಷ್ಟೊತ್ತು ಗಂಭೀರವಾಗಿದ್ದವರೂ ನಕ್ಕುಬಿಟ್ಟರು. ಪ್ರಶ್ನೆಗೆ ಮುಂಚೆ ಉತ್ತರವಂತೆ! ಪಂಡಿತರು ಮಾತ್ರ ನಗದೆ ಅವಳನ್ನೇ ನೋಡುತ್ತಿದ್ದರು. ಆದರೂ ಕಾಲು ಮುರಿದವನ ಹೆಂಡತಿ ಅಳುತ್ತಿದ್ದಳು, ಊರು ಅವರ ಬಾಯನ್ನೇ ನೋಡುತ್ತಿತ್ತು. ರುವಾನ್ ಆಚೆ ದಡದ ಸಂನ್ಯಾಸಿನಿಯರ ಮಠಕ್ಕೆ ಹೋಗಬೇಕು, ಗುಡ್ಡ ಮಾತಾಡಿದ ದಿನ ಬರಬಹುದು, ತಾಯಿ ಇಲ್ಲೇ ಇರಲಿ ಎಂದು ತೀರ್ಮಾನವಾಯಿತು. ತಾಯಿ ಏನೂ ಕೂಗಿಲ್ಲವಲ್ಲ ಎಂದರು. ಗುಡ್ಡ ಮಾತಾಡದಿದ್ದರೆ ಎಂದು ನಾನು ಕೇಳಿದೆ. ಅಷ್ಟರಲ್ಲಿ ಗಂಡಸರು ಎದ್ದು ಮನೆ ಕಡೆ ಹೊರಟಿದ್ದರು.

ಮನೆಗೆ ಬರುವ ದಾರಿಯಲ್ಲಿ ಅವಳನ್ನು ಹಿಡಿದು ನಿಲ್ಲಿಸಿದೆ. "ಯಾರದೇ ಆ ಮೇಲುಸಾಲು? ಹೇಳು ನನಗೆ."

"ಅಮ್ಮನದು," ಎಂದಳು. "ಆವತ್ತು ಬೆಳಿಗ್ಗೆ ಒಲೆ ಆರಿತ್ತು ಚಿಕ್ಕಮ್ಮ. ಅಮ್ಮ ಬಗ್ಗಿ ಊದಿದ್ಲು. ಊದಿದ್ಲು, ಊದಿದ್ಲು. ಬೂದಿ ಒಳಗಿಂದ ಒಂದು ಕೆಂಡ ಹಿಂಗೆ ಕಣ್ಣು ಬಿಡ್ತು. ಅಮ್ಮ ನಕ್ಕಳು! ಅವಳು ನಕ್ಕಿದ್ದು ನಾನು ನೋಡೇ ಇರಲಿಲ್ಲ. ಅವಳ ಒಳಗೆ ಒಂದು ಸಾಲು ಇದೆ, ಚಿಕ್ಕಮ್ಮ. ಅದೇನು ಅಂತ ನಂಗೊತ್ತಿಲ್ಲ. ಹುಟ್ಟಿದಾಗಿಂದ ಅದಕ್ಕೇ ಜೋಡಿ ಹುಡುಕ್ತಿದೀನಿ. ಆವತ್ತು ಸಿಕ್ತು."

"ಹಾಗಾದ್ರೆ ಅವಳಿಗೆ ಹೇಳೋಣ ನಡಿ! ಬಾಯಿ ಬಿಡಿಸೋಣ!"

"ಬೇಡ." ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದಳು. "ನನಗೋಸ್ಕರ ಬಲವಂತಕ್ಕೆ ಬಾಯಿ ಬಿಟ್ರೆ ಅದು ಅವಳ ಸಾಲಾಗಲ್ಲ. ಆಣೆ ಹಾಕು."

ಆಣೆ ಹಾಕಿದೆ. ಮನಸ್ಸಿಲ್ಲದೆ, ಹಲ್ಲು ಕಚ್ಚಿಕೊಂಡು ಹಾಕಿದೆ.

ಹೊರಡುವ ಬೆಳಗ್ಗೆ ಹೊಳೆ ತಿಳಿಯಾಗಿತ್ತು. ಆಚೆ ದಡದ ಮಠದ ಹೆಂಚು ಕೂಡ ಕಾಣುತ್ತಿತ್ತು. ಮಂಜು ಬೀಳುವ ಮುಂಚೆ ದಾಟಿಸಿಬಿಡುತ್ತೇನೆ ಎಂದರು ನಮ್ಮನೆಯವರು. ಬೇರೆ ಯಾವ ಅಂಬಿಗನೂ ಬೇಡ, ಹುಡುಗಿಯನ್ನು ನಾನೇ ಕರೆದೊಯ್ಯುತ್ತೇನೆ ಎಂದು ಹಟ ಹಿಡಿದಿದ್ದರು. ರುವಾನ್ ಕೆಂಪು ಕಾಗದದ ಒಂದು ಕಟ್ಟು, ಕುಂಚ, ಎರಡು ಬಟ್ಟೆ ಗಂಟು ಕಟ್ಟಿಕೊಂಡಳು. ಬಾಗಿಲು ಹಾಕಿಕೊಂಡು ತಾಯಿಯ ಮುಂದೆ ಕೂತಳು, ತಲೆ ಬಾಗಿಸಿ, ಕಿವಿ ಕೊಟ್ಟು. ಮಿನ್ ಅಕ್ಕ ಮಗಳ ಕೂದಲನ್ನು ಕಿವಿಯ ಹಿಂದೆ ಸರಿಸಿದಳು. ಪಿಸುಮಾತು ಕೂಡ ಹೊರಗೆ ಬರಲಿಲ್ಲ. ಕೊನೆಗೆ ನಾನೇ ಬಗ್ಗಿ ಆ ಕಿವಿಯಲ್ಲಿ "ಹೋಗಿ ಬಾ" ಎಂದೆ. ನನ್ನ ಕಣ್ಣೀರು ಅವಳ ಕೂದಲಿಗೆ ಬಿತ್ತು.

ದೋಣಿ ಹೊಳೆಯ ನಡುವನ್ನು ಮುಟ್ಟಿತ್ತೋ ಇಲ್ಲವೋ, ಮೇಲಿನ ಕಣಿವೆಯಿಂದ ಮಂಜು ಉರುಳಿಕೊಂಡು ಬಂತು. ನೋಡನೋಡುತ್ತಿದ್ದಂತೆ ಮಠ ಹೋಯಿತು, ಗುಡ್ಡ ಹೋಯಿತು, ದೋಣಿ ಹೋಯಿತು. ನನ್ನ ಕೈಯೇ ನನಗೆ ಕಾಣಲೊಲ್ಲದು. ಮೊದಲು ನಮ್ಮನೆಯವರ ದನಿ ಕೇಳಿಸಿತು: "ಓಹೋಯ್! ಇತ್ತ ಯಾರು?" ಯಾವಾಗಲೂ ಆ ಕೂಗಿಗೆ ಗುಡ್ಡ "ಆಹಾಯ್! ಅತ್ತ ಊರು!" ಎನ್ನುತ್ತಿತ್ತು. ಈಗ ಬರೀ ನೀರಿನ ಸದ್ದು. ಇನ್ನೊಂದು ಕೂಗು ಬಂತು, ಸ್ವಲ್ಪ ಕೆಳಗಿನಿಂದ. ಆಮೇಲಿನದು ಇನ್ನೂ ಕೆಳಗಿನಿಂದ. ದೋಣಿ ತಿರುವಿನ ಕಡೆ ಜಾರುತ್ತಿತ್ತು.

ನಾವೆಲ್ಲ ದಡದಲ್ಲಿ ನಿಂತು ಬಾಯಿ ಬಡಿದುಕೊಂಡೆವು. ನಮ್ಮ ಕೂಗುಗಳು ಎಲ್ಲ ಕಡೆಯಿಂದ ಎದ್ದು ಅವರಿಗೆ ದಾರಿ ಇನ್ನಷ್ಟು ತಪ್ಪುತ್ತಿತ್ತು. "ಬಾಯಿ ಮುಚ್ರಿ ಎಲ್ರೂ! ಗುಡ್ಡದ ದನಿ ಇಲ್ದೆ ಅವರಿಗೆ ದಿಕ್ಕು ಗೊತ್ತಾಗಲ್ಲ!" ಎಂದು ಪಂಡಿತ ಕ್ವೋ ಕೂಗಿದರು. ಅವರೇ ಕಲ್ಲು ಹತ್ತಿ ಒಂದರ ಮೇಲೊಂದು ಸಾಲು ಎಸೆದರು. ಗಂಟಲು ಹರಿದು ದನಿ ಗೊಗ್ಗರಾಯಿತು. ಮುದುಕ ಪಂಡಿತರು ಅಳುತ್ತಿದ್ದರು. ಅವತ್ತಿನಿಂದ ನಾನು ಅವರ ಗಡ್ಡದ ಬಗ್ಗೆ ಏನೂ ಆಡಿಕೊಂಡಿಲ್ಲ, ಇವತ್ತು ಆಡಿದ್ದು ಬಿಟ್ಟರೆ.

ಮಿನ್ ಅಕ್ಕ ಮೆಟ್ಟಿಲ ಕೊನೆಯಲ್ಲಿ, ನೀರಿನ ಅಂಚಿನಲ್ಲಿ ನಿಂತಿದ್ದಳು. ಎರಡೂ ಕೈಯಿಂದ ತನ್ನ ಬಾಯಿಯನ್ನೇ ಅದುಮಿ ಹಿಡಿದುಕೊಂಡಿದ್ದಳು. ನನಗೆ ಆಗ ತಿಳಿಯಿತು. ಮಗಳನ್ನು ಕರೆಯಲು ಅವಳ ಜೀವ ಬಾಯಿಗೆ ಬಂದಿತ್ತು, ಆದರೆ 'ಬಾ' ಎಂದರೆ ಗುಡ್ಡ 'ಹೋಗು' ಎಂದೀತು, ಇವಳನ್ನೂ ಓಡಿಸೀತು ಎಂದು ಹೆದರಿ ಬಾಯಿ ಹಿಡಿದುಕೊಂಡಿದ್ದಳು. ಆಣೆ ಗೀಣೆ ಎಲ್ಲ ನನ್ನ ತಲೆಯಿಂದ ಹಾರಿಹೋಯಿತು. ಓಡಿಹೋಗಿ ಅವಳ ಭುಜ ಹಿಡಿದು ಅಲ್ಲಾಡಿಸಿದೆ.

"ಮಿನ್ ಅಕ್ಕಾ! ನಿನ್ನ ಮಗಳು ಕೂಗಿದ್ದು ನಿನಗೆ ಉತ್ತರ ಕಣೇ! ಅದರ ಮೇಲುಸಾಲು ನಿನ್ನ ಹೊಟ್ಟೇಲಿ ಕೂತಿದೆ. ಬಾ ಅನ್ನಬೇಡ, ಹೋಗು ಅನ್ನಬೇಡ. ನಿನ್ನ ಸಾಲು ಹೇಳು. ಅದಕ್ಕೆ ಏನು ಜೋಡಿ ಕೊಡಬೇಕು ಅನ್ನೋದು ಈಗ ಗುಡ್ಡದ ಕೈಲಿಲ್ಲ. ನಿನ್ನ ಮಗಳು ಆಗಲೇ ಕೊಟ್ಟಾಗಿದೆ! ಅದನ್ನ ತಿರುಗಿಸೋಕಾಗಲ್ಲ ಅಕ್ಕಾ, ಗುಡ್ಡದಿಂದ ತಿರುಗಿಸೋಕಾಗಲ್ಲ!"

ಅವಳು ನನ್ನನ್ನೇ ನೋಡಿದಳು. ಆಮೇಲೆ ಕೆಳಗೆ, ಮೆಟ್ಟಿಲ ಪಕ್ಕದ ಮರಳನ್ನು ನೋಡಿದಳು. ಅವಳ ಗಂಡ ದೋಣಿ ಹತ್ತಿದ ಜಾಗ ಅದು. ಈಗ ಅಲ್ಲಿ ರುವಾನ್‌ಳ ಹೆಜ್ಜೆಗಳಿದ್ದವು, ಒಂದೊಂದರಲ್ಲೂ ನೀರು ತುಂಬುತ್ತಿತ್ತು. ಮಿನ್ ಅಕ್ಕ ಬಾಯಿಂದ ಕೈ ತೆಗೆದಳು. ಮೊದಲು ಬಂದದ್ದು ಮಾತಲ್ಲ, ತುಕ್ಕು ಹಿಡಿದ ಚಿಲಕ ಎಳೆದಂಥ ಒಂದು ಸದ್ದು. ಕೆಮ್ಮಿದಳು. ಮತ್ತೆ ಉಸಿರು ತೆಗೆದುಕೊಂಡಳು. ಆಮೇಲೆ ಕೂಗಿದಳು, ಕೊನೆಯ ಮಾತನ್ನು ಎತ್ತಿ, ಮೇಲಕ್ಕೆ, ಕಣಿವೆಯ ತುದಿಯವರೆಗೆ: "ಹೋದವನ ಹೆಜ್ಜೆಗೆ ಹೊಳೆಯ ಮರಳಲ್ಲಿ ನೀರು ಬಾಯಿ ಮುಚ್ಚಿತು!"

ಮಂಜಿನ ಆಚೆಯಿಂದ ಗುಡ್ಡ ಮಾತಾಡಿತು. ತಡವರಿಸದೆ, ತುಂಬಿದ ಗಂಟಲಿನಲ್ಲಿ, ಕೊನೆಯನ್ನು ಮೆಲ್ಲಗೆ ಇಳಿಸಿ, ಕೊಡವನ್ನು ನೆಲಕ್ಕಿಟ್ಟ ಹಾಗೆ: "ಉಳಿದವಳ ಉಸಿರಿಗೆ ಒಲೆಯ ಬೂದಿಯಲ್ಲಿ ಕೆಂಡ ಕಣ್ಣು ಬಿಟ್ಟಿತು."

ಹೋದವನಿಗೆ ಉಳಿದವಳು, ಹೊಳೆಗೆ ಒಲೆ, ಮರಳಿಗೆ ಬೂದಿ, ನೀರಿಗೆ ಕೆಂಡ, ಮುಚ್ಚಿದ ಬಾಯಿಗೆ ಬಿಟ್ಟ ಕಣ್ಣು. ಒಂದೂ ಆಚೀಚೆ ಇಲ್ಲ! ಗುಡ್ಡ ತನ್ನ ಸ್ವಂತದ್ದನ್ನು ಬಿಟ್ಟು ಮನುಷ್ಯರು ಕಟ್ಟಿದ ಕೆಳಸಾಲನ್ನು ಹೇಳಿದ್ದು ಅದೇ ಮೊದಲು. ಪಂಡಿತ ಕ್ವೋ ಕಲ್ಲಿನ ಮೇಲೆ ಕುಸಿದು ಕೂತರು. "ಅಯ್ಯೋ, ಅದು ಕೆಳಸಾಲೇ ಆಗಿತ್ತು! ಕೆಳಸಾಲೇ ಆಗಿತ್ತು!" ಎಂದು ತೊಡೆ ತಟ್ಟಿಕೊಂಡು ನಗುತ್ತಿದ್ದರು, ಅಳುತ್ತಿದ್ದರು. ನಾನು ಏನು ಮಾಡುತ್ತಿದ್ದೆನೋ ನನಗೆ ಗೊತ್ತಿಲ್ಲ. ಮೀನಿನವಳನ್ನು ಅಪ್ಪಿಕೊಂಡು ಕುಣಿಯುತ್ತಿದ್ದೆ ಎಂದು ಆಮೇಲೆ ಹೇಳಿದರು.

ಅಷ್ಟಕ್ಕೇ ಮುಗಿಯಲಿಲ್ಲ. ಗಂಟು ಬಿಚ್ಚಿದ್ದೇ ತಡ, ಇಷ್ಟು ದಿನ ಹಿಡಿದಿಟ್ಟುಕೊಂಡದ್ದನ್ನೆಲ್ಲ ಗುಡ್ಡ ಒಟ್ಟಿಗೇ ಸುರಿಯತೊಡಗಿತು. "ಮುಳ್ಳು ಸಾಕೇ ಮುಳ್ಳು?" ಬಂತು. "ತಂಗಳು ತಂಗಳು ಗಂಜಿ!" ಬಂತು. ಕಿಟಕಿ ತೆರೆದಿಟ್ಟು ಆಡಿದ್ದ ಜಗಳಗಳಿಗೆಲ್ಲ ಜೋಡಿ ಬಂದು, ಅತ್ತೆ ಸೊಸೆಯರು ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಬಾತುಕೋಳಿಯ ಉತ್ತರ ಕೂಡ ಬಂತು. ಆ ಗದ್ದಲದ ನಡುವೆ "ಆಹಾಯ್! ಅತ್ತ ಊರು! ಆಹಾಯ್! ಅತ್ತ ಊರು!" ಎಂದು ಗುಡ್ಡ ಕೂಗುತ್ತಲೇ ಇತ್ತು, ನಮ್ಮನೆಯವರು ಕೂಗಿದ ಪ್ರತಿಯೊಂದು ಕೂಗಿಗೂ. ತಿರುವಿನ ಕಡೆಯಿಂದ ಹುಟ್ಟಿನ ಸದ್ದು ಕೇಳಿಸಿತು. ಜೋರಾಗಿ, ಒಂದೇ ಸಮನೆ, ಗುಡ್ಡವನ್ನು ಬಲಗಿವಿಗೆ ಇಟ್ಟುಕೊಂಡವರ ಹುಟ್ಟು. ಮಿನ್ ಅಕ್ಕ ನಿಲ್ಲಿಸಲಿಲ್ಲ. ಬಾಯಿಗೆ ಬಂದದ್ದನ್ನೆಲ್ಲ ಕೂಗುತ್ತಿದ್ದಳು, ಗುಡ್ಡ ಕೊಡುತ್ತಿತ್ತು, ಇವಳು ಮತ್ತೆ ಕೂಗುತ್ತಿದ್ದಳು.

ದೋಣಿಯ ಮೂತಿ ಮಂಜನ್ನು ಸೀಳಿಕೊಂಡು ಮೆಟ್ಟಿಲಿಗೆ ಬಂದು ಬಡಿಯಿತು. ನಮ್ಮನೆಯವರ ಕೈಯಿಂದ ರಕ್ತ ಸುರಿಯುತ್ತಿತ್ತು. ರುವಾನ್ ದೋಣಿಯಲ್ಲಿ ಎದ್ದು ನಿಂತಿದ್ದಳು. ಗುಡ್ಡದ ಬಾಯಲ್ಲಿ ತನ್ನ ಸಾಲು ಕೇಳಿದ್ದಕ್ಕೆ ಅವಳು ಹಿಗ್ಗುತ್ತಾಳೆ ಎಂದುಕೊಂಡಿದ್ದೆ. ಅವಳು ಆ ಸುದ್ದಿಯನ್ನೇ ಎತ್ತಲಿಲ್ಲ. ನೀರಿಗೆ ಹಾರಿ, ಎಡವಿ, ಮೆಟ್ಟಿಲು ಹತ್ತಿ ಬಂದು ತಾಯಿಯ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಇದಾ ಅಮ್ಮ ನಿನ್ನ ದನಿ? ಇದಾ?"

ಮಿನ್ ಅಕ್ಕ ಮಗಳ ತಲೆಯಿಂದ ಕಾಲವರೆಗೆ ನೋಡಿದಳು. ಮಗಳಿಗೆ ಅವಳು ಆಡುವ ಮೊದಲ ಮಾತಿಗೆ ಇಡೀ ಊರು ಕಿವಿ ಕೊಟ್ಟು ಕಾದಿತ್ತು.

"ಇನ್ನೊಂದು ಚಪ್ಪಲಿ ಎಲ್ಲೇ?" ಎಂದಳು.

ಆಮೇಲೆ ಏನೇನೋ ಆಯಿತು. ಪಂಡಿತ ಕ್ವೋ ಸ್ವತಃ ಕೈ ಕೊಟ್ಟು ರುವಾನ್‌ಳನ್ನು ಕೂಗುಗಲ್ಲಿಗೆ ಹತ್ತಿಸಿದರು. ಅವಳು ಒಂದು ಸಲ ಹತ್ತಿ, ಇಲ್ಲಿ ಗಾಳಿ ಜಾಸ್ತಿ ಎಂದು ಇಳಿದು, ಮತ್ತೆ ಮೆಟ್ಟಿಲಿಗೇ ಬಂದಳು. ಈಗ ಪಂಡಿತರೇ ಪಂಚೆ ಮೇಲೆತ್ತಿಕೊಂಡು ಒಗೆಯುವ ಮೆಟ್ಟಿಲಿಗೆ ಇಳಿದು ಬರುತ್ತಾರೆ, ನಾವು ಬಟ್ಟೆ ಸರಿಸಿ ಜಾಗ ಕೊಡುತ್ತೇವೆ. ಅವಳು ಬರೆದ ಕೆಂಪು ಕಾಗದಗಳು ದೋಣಿಯಿಂದ ದೋಣಿಗೆ ಹತ್ತಿ ನಾವು ಹೆಸರು ಕೇಳದ ಊರುಗಳಿಗೆ ಹೋದವು. ನೋಡಲು ಬಂದವರು ನನ್ನ ಕಡುಬನ್ನೂ ತಿಂದರು. ಮುಂದಿನ ವಸಂತದಲ್ಲಿ ಹೊಳೆಯ ಕೆಳಗಿನ ದೊಡ್ಡ ಪಟ್ಟಣದಿಂದ ಕರೆ ಬಂತು. ಅಲ್ಲಿನ ಕವಿಗಳೆಲ್ಲ ಸೇರುತ್ತಾರಂತೆ, ರುವಾನ್ ಬರಬೇಕಂತೆ.

ಹೊರಡುವ ದಿನ ಬಾಗಿಲು ಹಾಕಿಕೊಂಡು ಪಿಸುಗುಟ್ಟುವ ಶಾಸ್ತ್ರಕ್ಕೆ ನಾನು ಕಾದಿದ್ದೆ. ಮಿನ್ ಅಕ್ಕ ಅದನ್ನು ಮಾಡಲಿಲ್ಲ. ಸುಮ್ಮನೆ ಮಗಳ ಗಂಟು ಹೊತ್ತುಕೊಂಡು ಮೆಟ್ಟಿಲವರೆಗೂ ಬಂದಳು. ದೋಣಿ ದಡ ಬಿಟ್ಟಿತು. ಮಿನ್ ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಗುಡ್ಡಕ್ಕೆ ಮುಖ ಕೊಟ್ಟು, ಎದೆ ತುಂಬ ಉಸಿರು ತೆಗೆದುಕೊಂಡಳು. ಏನು ಮಾಡುತ್ತಿದ್ದಾಳೆಂದು ಹೊಳೆದು ನಾನು ಅವಳ ಬಾಯಿ ಮುಚ್ಚಲು ಹೋದೆ. ತಡವಾಗಿತ್ತು.

"ಹೋಗಿ ಬಾ!" ಎಂದು ಕೂಗಿದಳು.

ಮೆಟ್ಟಿಲ ಮೇಲಿದ್ದವರೆಲ್ಲ ಕಲ್ಲಾದೆವು. "ಬಂದು ಹೋಗು!" ಎಂದಿತು ಗುಡ್ಡ, ಆವತ್ತಿನ ಹಾಗೇ, ಅದೇ ದನಿಯಲ್ಲಿ. ಮಿನ್ ಅಕ್ಕ ತಲೆ ವಾರೆ ಮಾಡಿ ಕೇಳಿದಳು. ಆ ಎರಡು ಮಾತನ್ನು ತನ್ನಷ್ಟಕ್ಕೆ ಒಂದು ಸಲ ಆಡಿ ನೋಡಿದಳು, ನಾವು ಬೀದಿಯಲ್ಲಿ ಸಿಕ್ಕ ನೆಂಟರಿಗೆ, ಮನೆ ಕಡೆ ಬಂದು ಹೋಗು ಎಂದು ಅನ್ನುತ್ತೇವಲ್ಲ, ಆ ಧಾಟಿಯಲ್ಲಿ. ಅವಳ ಮುಖ ನಿಧಾನಕ್ಕೆ ಅರಳಿತು, ಕಣ್ಣಿಂದ ನೀರು ಇಳಿಯಿತು.

"ಪೇ, ಕೇಳಿಸ್ತೇನೇ?" ಎಂದಳು. "ಇಷ್ಟು ವರ್ಷ ನಾನು ತಪ್ಪು ತಿಳ್ಕೊಂಡಿದ್ದೆ. ಅದು ಅವರನ್ನ ಓಡಿಸಲಿಲ್ಲ ಕಣೇ. ಕರೀತಿತ್ತು."

ರುವಾನ್ ಆ ಪಟ್ಟಣಕ್ಕೆ ಹೋದಳು, ಬಂದಳು, ಮತ್ತೆ ಎಷ್ಟೋ ಸಲ ಹೋದಳು, ಬಂದಳು. ಈಗ ನಮ್ಮ ಊರಲ್ಲಿ ಯಾರೂ ಕಿವಿಯಲ್ಲಿ ಪಿಸುಗುಟ್ಟುವುದಿಲ್ಲ. ನಮ್ಮನೆಯವರು ದೋಣಿ ಬಿಡುವಾಗ ನಾನಂತೂ ಕಡುಬಿನ ತಪ್ಪಲೆ ಕೆಳಗಿಟ್ಟು, ಗುಡ್ಡದ ಕಡೆ ತಿರುಗಿ, ಗಂಟಲು ಹರಿಯುವ ಹಾಗೆ ಕೂಗುತ್ತೇನೆ.